ಧೂಳಿನ ಮೇಲೆ ಕ

ವಾಸ್ಕೋದ ನಮ್ಮ ಎರಡನೇ ಇಯತ್ತೆಗೆ
ಕಿಟಕಿ ಎರಡೇ. ಎರಡೂ ಬಂದರಿಗೆ ಮುಖ.
ಹಡಗಿನಿಂದ ಕಲ್ಲಿದ್ದಲು ಇಳಿದ ರಾತ್ರಿಯ ಮರುದಿನ
ಕಿಟಕಿಕಟ್ಟೆಯ ಮೇಲೆ ಕಪ್ಪು ಪುಡಿ,
ಬೆರಳಿಗೆ ಹತ್ತುವಷ್ಟು.
ಒರೆಸುವ ಮೊದಲು ಅದರಲ್ಲೇ ಬರೆದೆ, ದೊಡ್ಡದಾಗಿ:
ಕ.

ಇವತ್ತು ಆಟ, ಅಂದೆ. ಕ-ದಿಂದ ಒಂದು ವಸ್ತು ಹೇಳಿ.
ಅದು ಎಂಥದು ಅಂತಲೂ ಹೇಳಿ, ಅದೂ ಕ-ದಿಂದಲೇ.
ಗುಣವಾಚಕ ಎಂಬ ಮಾತು ಎತ್ತಲಿಲ್ಲ.
ಎತ್ತಿದರೆ ಗುಣಾಕಾರ ಅಂದುಕೊಂಡು
ಎರಡರ ಮಗ್ಗಿ ಶುರು ಮಾಡುತ್ತಾರೆ.

ಮೊದಲು ಬಂದದ್ದು ಕರಿ ಕಾಗೆ.
ಅದಕ್ಕೆ ಈ ಆಟದಲ್ಲಿ ಕಾಯಂ ಸೀಟು.
ಆಮೇಲೆ ಕಹಿ ಕಷಾಯ. ಕೆಂಪು ಕಲ್ಲಂಗಡಿ.
ಕೊಳಕು ಕಾಲ್ಚೀಲ ಎಂದದ್ದೇ ತಡ
ಎಲ್ಲರೂ ಮೈನುದ್ದೀನನ ಪಾದ ನೋಡಿದರು,
ಅವನೂ ಬಗ್ಗಿ ನೋಡಿಕೊಂಡ.
ಕಚ್ಚಾ ಕೈರಿ ಬಂತು. ಕೈರಿ ಕನ್ನಡ ಹೌದೋ ಅಲ್ಲೋ
ಅಂತ ಎರಡು ಬೆಂಚಿನ ನಡುವೆ ಜಗಳ.
ಹೇಳುವಾಗ ಬಾಯಲ್ಲಿ ನೀರು ಬಂದರೆ ಹೌದು,
ಎಂದು ತೀರ್ಪು ಕೊಟ್ಟೆ.

ಕಡಕ್ ರೊಟ್ಟಿ, ಅಂದ ಕಂಠೆಪ್ಪ.
ರೊಟ್ಟಿ ಕ-ದಾಗ ಎಲ್ಲೈತೋ?
"ಮುರಿದ್ರ ಕ ಅಂತೈತ್ರಿ, ಟೀಚರ್."
ಅರ್ಧ ಗುಣ ಕೊಟ್ಟೆ. ಪೂರ್ತಿ ಕೊಡಬೇಕಿತ್ತು.

ಇನ್ನು ನಿಮ್ಮ ನಿಮ್ಮ ಹೆಸರಿಗೆ ಹುಡುಕಿ, ಎಂದೆ.
ಇದು ಪಾಠದ ಯೋಜನೆಯಲ್ಲಿ ಇರಲಿಲ್ಲ.
ಕೆಂಚಪ್ಪ ಕೈ ಆಡಿಸಿದ: "ನನಗ ಬ್ಯಾರೆ ಬ್ಯಾಡ್ರಿ,
ಹೆಸರಿನ್ಯಾಗ ಬಣ್ಣ ಹಚ್ಚಿಕೊಂಡೇ ಹುಟ್ಟೀನಿ."
ನಗು ಇನ್ನೂ ಇಳಿದಿರಲಿಲ್ಲ,
ಹಿಂದಿನ ಬೆಂಚಿನಿಂದ ಯಾರೋ:
"ಕರಿ ಕರೆವ್ವ!"

ನಿಯಮ ಎಲ್ಲೂ ತಪ್ಪಿಲ್ಲ.
ಎರಡೂ ಕ. ಆಟವೂ ನನ್ನದೇ.
ನಾನು ಒಳಗೊಳಗೇ ಪೆಟ್ಟಿಗೆ ತಡಕಿದೆ:
ಕರುಣೆಯ, ಕಲಿಯುವ, ಕಮ್ಮನೆಯ, ಕಂಗೊಳಿಸುವ.
ಒಂದೊಂದೂ ಬಹುಮಾನದ ಸ್ಟೀಲ್ ಲೋಟದ ಹಾಗೆ
ಹೊಳೆದು ಸುಳ್ಳು ಹೇಳಿತು.

ಕರೆವ್ವನ ಕಾಲ ಬಳಿ ಅವಳ ತಮ್ಮ.
ಮೂರು ವರ್ಷ, ಹಾಜರಿಯಲ್ಲಿ ಹೆಸರಿಲ್ಲ,
ಸೀಮೆಸುಣ್ಣ ಜಗಿಯುತ್ತ ಕೂತಿದ್ದಾನೆ.
ಅವಳು ಅವನ ಬಾಯಿಗೆ ಬೆರಳು ಹಾಕಿ ತುಂಡು ತೆಗೆದಳು,
ಫ್ರಾಕಿಗೆ ಒರೆಸಿಕೊಂಡಳು,
ಅವಸರವಿಲ್ಲದೆ ಎದ್ದು ನಿಂತಳು.
"ಕಾಯೂ ಕರೆವ್ವ," ಅಂದಳು.

ಏನ್ ಕಾಯ್ತಿ ಅಂತ ಕೇಳಿದೆ.
"ಹಗಲಿ ಇವನ್ನ. ಸಂಜಿಮುಂದ ಅವ್ವನ್ನ."
ಅವ್ವ ಜೆಟ್ಟಿಯಲ್ಲಿ ಮೀನು ವಿಂಗಡಿಸುತ್ತಾಳೆ,
ಬೋಟು ಬಂದ ಮೇಲೆ ಕೆಲಸ, ಕೆಲಸ ಮುಗಿದ ಮೇಲೆ ಮನೆ.
"ನೀರೂ ಕಾಯ್ತದ್ರಿ, ಒಲಿ ಮ್ಯಾಲ!"
ಹಿಂದಿನ ಬೆಂಚಿನದೇ ದನಿ, ಈಗ ಸ್ವಲ್ಪ ಸಣ್ಣದು.

ಇದು ಗುಣವಾಚಕವೋ ಅಲ್ಲವೋ?
ನನ್ನ ವ್ಯಾಕರಣ ಪುಸ್ತಕ ಕಾರವಾರದಲ್ಲಿ, ಟ್ರಂಕಿನ ತಳದಲ್ಲಿ.
ಕ್ರಿಯಾಪದವೊಂದು ಅಕ್ಕನ ಲಂಗ ಉಟ್ಟು
ಮದುವೆ ಊಟಕ್ಕೆ ಬಂದ ಹಾಗಿತ್ತು.
ಎಬ್ಬಿಸಿ ಕಳಿಸುವವಳು ನಾನಲ್ಲ.
ಹಲಗೆಯ ಮೇಲೆ ಬರೆದೆ, ಕಾಗೆಗಿಂತ ಮೇಲೆ.

"ಟೀಚರ್, ನಿಮಗ?"
ನನ್ನ ಹೆಸರು ವ-ದಿಂದ, ಇವತ್ತು ವ ಇಲ್ಲ, ಎಂದೆ.
ಆದರೆ ಅದು ಎಂದೋ ತಯಾರಾಗಿತ್ತು,
ಮೂವತ್ತೊಂದು ಬಾಯಿ ಒಮ್ಮೆಗೇ:
"ವಟವಟ ವನಮಾಲಾ!"

ಗಂಟೆ ಹೊಡೆದು ಎಲ್ಲ ಓಡಿದ ಮೇಲೆ
ಕಿಟಕಿಗೆ ಹೋದೆ, ಕೈಯಲ್ಲಿ ಒದ್ದೆ ಬಟ್ಟೆ.
ಕ-ದ ಹೊಟ್ಟೆಯಲ್ಲಿ ಆಗಲೇ ಹೊಸ ಪುಡಿ.
ಕೆಳಗೆ ಗೇಟಿನ ಕಟ್ಟೆಯ ಮೇಲೆ ಇಬ್ಬರು,
ತಮ್ಮನ ಒಂದು ಚಪ್ಪಲಿ ಅವಳ ಮಡಿಲಲ್ಲಿ.
ಒರೆಸದೆ ಬಟ್ಟೆ ಹಿಂಡಿದೆ.

ನಾಳೆ ಖ.
ಖಾರ, ಖಾಲಿ, ಖರೇ: ನನ್ನ ಹತ್ತಿರ ಮೂರೇ ಇವೆ.
ಉಳಿದದ್ದು ಅವರೇ ತರಬೇಕು.