ಸೋಡಾ ಮುಚ್ಚಳ

ಬಂದರಿನ ದಕ್ಕೆಯಲ್ಲಿ, ಐಸ್ ಪ್ಲಾಂಟಿನ ಬೆನ್ನಿಗೆ
ಸುಗಂಧಿಯಕ್ಕನ ಗೂಡು ಹೋಟೆಲು.
ಚಾಪುಡಿ ಡಬ್ಬದ ಪಕ್ಕದ ಮೊಳೆಯಲ್ಲಿ
ಹರಿದ ಬಲೆಯ ನೂಲೊಂದು ತೂಗುತ್ತದೆ,
ನೂಲಿಗೆ ಪೋಣಿಸಿದ ಸೋಡಾ ಮುಚ್ಚಳಗಳು.
ಇವತ್ತು ಒಂಬತ್ತು.

ಒಂದು ಮುಚ್ಚಳವೆಂದರೆ
ದೊಡ್ಡಾಸ್ಪತ್ರೆಗೆ ಆಟೋ, ಹೋಗಿ ಬರಲಿಕ್ಕೆ,
ಒಂದು ಚಾ, ಎರಡು ಗೋಳಿಬಜೆ,
ತಪ್ಪಿದ ಅರ್ಧ ದಿನದ ಮಜೂರಿ.
ಪರೀಕ್ಷೆಗೆ ದುಡ್ಡಿಲ್ಲ, ಅದು ಸರಕಾರದ್ದು;
ದುಡ್ಡು ಬೇಕಾದದ್ದು ಅಲ್ಲಿಗೆ ಮುಟ್ಟಲಿಕ್ಕೆ.
ಇದ್ದವರು ಡಬ್ಬಕ್ಕೆ ಹಾಕಿ ಒಂದು ಪೋಣಿಸುತ್ತಾರೆ,
ಬೇಕಾದವರು ಒಂದು ಬಿಚ್ಚುತ್ತಾರೆ.
ಹೆಸರಿಲ್ಲ, ಪುಸ್ತಕವಿಲ್ಲ.
ಗೋಡೆಯಲ್ಲಿ ಇದ್ದಿಲಿನ ಅಕ್ಷರ ಮೂರು:
ಕೇನಡ.
ಕೇಳಬೇಡ.

ಇದೆಲ್ಲ ಎಂತಕ್ಕೆ ಅಕ್ಕ, ಎಂದು
ಅವಳನ್ನೂ ಯಾರೂ ಕೇಳಿಲ್ಲ.
ತಮ್ಮನೊಬ್ಬನಿದ್ದ, ಎನ್ನುತ್ತಾರೆ ಬಲೆ ಹೆಣೆಯುವವರು.
ತಮ್ಮನಲ್ಲ, ಅವಳೇ, ಎನ್ನುತ್ತಾರೆ ಬುಟ್ಟಿ ಹೊರುವವರು.
ಅವಳು ಬಾಣಲೆಯಲ್ಲಿ ಗೋಳಿಬಜೆ ಮಗುಚುತ್ತಾಳೆ.

ಏಲಂ ಚೆನ್ನಾಗಿ ಕುದುರಿದ ದಿನ
ಶೇಖರ ಕರ್ಕೇರರು ಹತ್ತು ಪೋಣಿಸಿದ್ದುಂಟು.
ಸಿಗಡಿ ಸುಲಿಯುವ ಹೆಂಗಸರು ಒಟ್ಟು ಸೇರಿ ಒಂದು,
ಒದ್ದೆ ಚಿಲ್ಲರೆಯಲ್ಲಿ.
ರಾತ್ರಿ ಕ್ಲಾಕ್ ಟವರಿನ ಬದಿಗೆ ನಿಲ್ಲುವ ಮಂಜರಿ
ತಿಂಗಳಿಗೆ ಎರಡು, ತಪ್ಪದೆ.
"ನಮ್ಮ ಗಿರಾಕಿಗಳೂ ಬದುಕಬೇಕಲ್ಲ ಮಾರಾಯ"
ಎಂದು ನಕ್ಕು, ಚಾ ಕುಡಿಯದೆ ಹೋಗುತ್ತಾಳೆ.

ನಾನು ಮುಚ್ಚಳದ ಆಟೋದವ.
ಜೂನ್ ಜುಲೈಯಲ್ಲಿ, ಬೋಟುಗಳನ್ನು ಕಟ್ಟಿಹಾಕಿದ ಮೇಲೆ
ದಿನಕ್ಕೆ ಎರಡು ಬಾಡಿಗೆ ಗ್ಯಾರಂಟಿ.
ರಾವ್ ಅಂಡ್ ರಾವ್ ಸರ್ಕಲ್, ಹಂಪನಕಟ್ಟೆ,
ಕನ್ನಡಿಯಲ್ಲಿ ಅವರ ಮುಖ ನೋಡುತ್ತಿರಲಿಲ್ಲ,
ಕನ್ನಡಿಯನ್ನೇ ಮೇಲಕ್ಕೆ ತಿರುಗಿಸಿ ಇಟ್ಟಿದ್ದೆ.
ಧರ್ಮದ ಕೆಲಸ ಮಾಡುವವನ ಹಾಗೆ
ಬೆನ್ನು ನೆಟ್ಟಗೆ ಮಾಡಿ ಓಡಿಸುತ್ತಿದ್ದೆ.

ಮಾರ್ಚಿನಲ್ಲಿ ನನಗೊಂದು ಹುಣ್ಣು ಎದ್ದಿತ್ತು,
ನೋವಿಲ್ಲದ್ದು.
ಕರೆಯದೆ ಬಂತು, ಹೇಳದೆ ಹೋಯಿತು.
ಹೋಯಿತಲ್ಲ, ಎಂದುಕೊಂಡೆ.
ಮನೆಯಲ್ಲಿ ಹರಿಣಾಕ್ಷಿಗೆ ಐದು ತಿಂಗಳು,
ಹೊಟ್ಟೆಯ ಮೇಲೆ ಸೂಪು ಇಟ್ಟುಕೊಂಡು ಬೀಡಿ ಸುತ್ತುತ್ತಿದ್ದಳು.
ಬೀಡಿ ಎಣಿಸುವ ಅವಳ ಬೆರಳು ನೋಡಿದರೆ
ನನಗೆ ನನ್ನ ದಿನಗಳ ಲೆಕ್ಕ ತಪ್ಪುತ್ತಿತ್ತು.

ಒಂದು ಬೆಳಿಗ್ಗೆ, ಮಳೆಯಲ್ಲಿ,
ನೂಲಿನಿಂದ ಒಂದು ಬಿಚ್ಚಿದೆ.
ಸುಗಂಧಿಯಕ್ಕ ತಲೆ ಎತ್ತಲಿಲ್ಲ.
ತಟ್ಟೆಯಲ್ಲಿ ಗೋಳಿಬಜೆ ಮಾತ್ರ ಮೂರಿತ್ತು.
ಕೈ ನಡುಗಿ ಗಾಡಿ ಸ್ಟಾರ್ಟ್ ಆಗಲಿಲ್ಲ;
ಇದಿನಬ್ಬ ತನ್ನದನ್ನು ತಂದು ನಿಲ್ಲಿಸಿದ.
ಹನ್ನೊಂದು ವರ್ಷ ಆಟೋ ಓಡಿಸಿದವ
ಮೊದಲ ಸಲ ಹಿಂದಿನ ಸೀಟಿನಲ್ಲಿ ಕೂತೆ.
ಅಲ್ಲಿಂದ ಊರು ಎಷ್ಟು ಉದ್ದ!
ಇದಿನಬ್ಬನ ಕನ್ನಡಿಯೂ
ಆಕಾಶಕ್ಕೆ ತಿರುಗಿತ್ತು.

ರಕ್ತ ಕೊಡುವುದು ಎರಡು ನಿಮಿಷ,
ಆ ಕಾರಿಡಾರು ನಡೆಯಲಿಕ್ಕೆ ನಾಲ್ಕು ತಿಂಗಳು.
ಅಸುಂತಾ ಮೇಡಂ ಕೇಳಬೇಕಾದ್ದನ್ನೆಲ್ಲ ಕೇಳಿದರು,
ಹುಬ್ಬು ಒಮ್ಮೆಯೂ ಏರಲಿಲ್ಲ.
"ಹುಣ್ಣು ಹೋದದ್ದಲ್ಲ, ಒಳಗಿಳಿದದ್ದು.
ಸಿಫಿಲಿಸ್. ಮದ್ದುಂಟು.
ಹೆಂಡತಿಯನ್ನು ಕರೆದುಕೊಂಡು ಬನ್ನಿ, ನಾಳೆಯೇ."
ಎರಡು ಪಕ್ಕಕ್ಕೂ ಒಂದೊಂದು ಸೂಜಿ.
ಬೆಂಚಿನಲ್ಲಿ ಓರೆಯಾಗಿ ಕೂತು
ನಾನು ಕರೆತಂದವರೆಲ್ಲ ಹೀಗೇ ಕೂತಿದ್ದರಲ್ಲ, ಎಂದು
ಅವರ ಮುಖ ನೆನಪು ಮಾಡಿಕೊಳ್ಳಲು ಹೊರಟೆ.
ಒಂದೂ ಗೊತ್ತಿರಲಿಲ್ಲ.

ಆ ರಾತ್ರಿಯದ್ದನ್ನು ಇಲ್ಲಿ ಬರೆಯುವುದಿಲ್ಲ.
ದಕ್ಕೆಯಲ್ಲಿ ಯಾರೂ ಏನೂ ಕೇಳಲಿಲ್ಲ,
ಮನೆಯಲ್ಲಿ ಅವಳು ಎಲ್ಲವನ್ನೂ ಕೇಳಿದಳು.
ಎರಡೂ ಬೇಕಿತ್ತು.

ಮರುದಿನ ಅವಳಿಗೂ ಸೂಜಿ.
ವಾಪಸು ಬರುವಾಗ ನನ್ನ ಗಾಡಿ ಹತ್ತಲಿಲ್ಲ,
ಇದಿನಬ್ಬನದ್ದರಲ್ಲಿ ಬಂದಳು.

ಈಗ ಮಗಳಿಗೆ ಹಲ್ಲು ಬಂದಿದೆ.
ಹರಿಣಾಕ್ಷಿ ನನ್ನ ಹತ್ತಿರ ಮಾತಾಡುತ್ತಾಳೆ, ಹೆಚ್ಚೇನಲ್ಲ.
ಆದರೆ ಶನಿವಾರ ಬೀಡಿ ಬ್ರಾಂಚಿನಲ್ಲಿ ದುಡ್ಡು ಸಿಕ್ಕರೆ
ಮಗುವನ್ನು ಸೊಂಟಕ್ಕೇರಿಸಿಕೊಂಡು ದಕ್ಕೆಗೆ ಬಂದು
ಡಬ್ಬಕ್ಕೆ ಹಾಕಿ, ಒಂದು ಮುಚ್ಚಳ ಪೋಣಿಸುತ್ತಾಳೆ.
ಮಗು ಅದನ್ನು ಬಾಯಿಗಿಡಲು ನೋಡುತ್ತದೆ.
"ಅದು ನಿನ್ನದಲ್ಲ," ಎನ್ನುತ್ತಾಳೆ.
ಯಾರದ್ದೆಂದು ಹೇಳುವುದಿಲ್ಲ.