ಕೋರಂ

ಸೋಮವಾರಪೇಟೆಯಲ್ಲಿ ಸಂತೆಯ ದಿನ
ಹನ್ನೊಂದೂಕಾಲಿಗೆ ಬೀಗ ತೆಗೆಯುತ್ತೇನೆ.
ಕೆಳಗೆ ಹಾರ್ಡ್‌ವೇರ್ ಅಂಗಡಿ, ಮೇಲೆ ಮಾಜಿ ಸೈನಿಕರ ಸಂಘ.
ಮೆಟ್ಟಿಲು ಹದಿನೇಳು. ಮೊದಲೆಲ್ಲ ಯಾರೂ ಎಣಿಸಿರಲಿಲ್ಲ.

ನಾನು ಗುಂಡು ಹಾರಿಸಿದವನಲ್ಲ. ಸಪ್ಲೈ ಕೋರಿನ ಗುಮಾಸ್ತ.
ಇಪ್ಪತ್ತೆರಡು ವರ್ಷ ಅಕ್ಕಿ, ಸೀಮೆಎಣ್ಣೆ, ಹೇಸರಗತ್ತೆಯ ಲಾಳ
ಬರೆದು ಕೂಡಿಸಿದವನು. ಈಗಲೂ ಎಲ್ಲರಿಗೂ ‘ಬಾಬು’.
ಮದುವೆ ಮುಗಿದ ಮೇಲೆ ಪಾತ್ರೆ ಎಣಿಸಲು
ಒಬ್ಬ ಉಳಿಯುತ್ತಾನಲ್ಲ, ಹಾಗೆ ಉಳಿದಿದ್ದೇನೆ.

ಬ್ಯಾಂಕಿನಲ್ಲಿ ನಾಲ್ಕು ಸಾವಿರದ ಮುನ್ನೂರ ಹನ್ನೆರಡು.
ಬಾಡಿಗೆ ಸಾವಿರದ ಎಂಟುನೂರು.
ಅಂದರೆ ಎರಡು ತಿಂಗಳು,
ಮಿಕ್ಕ ಏಳುನೂರ ಹನ್ನೆರಡಕ್ಕೆ ಕರೆಂಟು ಮತ್ತು ಟೀ.

ಬೈಲಾ, ಕಲಂ ಒಂಬತ್ತು: ಸಭೆಗೆ ಕೋರಂ ಹತ್ತು ಜನ.
ಬರೆದವರು ನೂರ ನಲವತ್ತಮೂರು ಜನ ಇದ್ದ ಕಾಲದವರು,
ಕುರ್ಚಿ ಸಾಲದೆ ಕಿಟಕಿಯಲ್ಲಿ ಕೂತವರು.
ನಾವು ಒಂಬತ್ತು.
ಅದರಲ್ಲಿ ಮಂದಪ್ಪನಿಗೆ ಮೆಟ್ಟಿಲು ಆಗುವುದಿಲ್ಲ.
ಕೆಳಗೆ ಮೊಳೆಯ ಡಬ್ಬಗಳ ನಡುವೆ ಸ್ಟೂಲ್ ಹಾಕಿಕೊಂಡು
ಮೇಲಿನ ಠರಾವಿಗೆ ಕೆಳಗಿಂದ ‘ಸಮ್ಮತ’ ಎಂದು ಕೂಗುತ್ತಾನೆ.
ಅವನನ್ನು ಹಾಜರಿ ಎಂದೇ ಬರೆಯುತ್ತೇನೆ.
ಲೈನ್ ಇದ್ದರೆ ಪೋಸ್ಟ್ ಇದ್ದ ಹಾಗೆ,
ಇದು ಸಿಗ್ನಲ್ಸಿನ ಕುಂಞಾಲಿಯ ತೀರ್ಪು.

ಹೋದ ವರ್ಷ ರಿಟೈರಾದ ಹುಡುಗನೊಬ್ಬ ಬಂದಿದ್ದ.
ಅರ್ಧ ಗಂಟೆ ಕೂತು ಕೇಳಿದ: ಇಲ್ಲಿ ಏನು ಮಾಡ್ತೀರಿ, ಅಂಕಲ್?

ಏನು ಮಾಡುತ್ತೇವೆ.
ಪಿಂಚಣಿ ಕಾಗದ ತುಂಬುತ್ತೇವೆ.
ಚೌರಪ್ಪ ಪೂರ್ವದ ಹೊಳೆ ದಾಟಿದ ಕಥೆ ಹೇಳುತ್ತಾನೆ.
ಪ್ರತಿ ಸಲ ನೀರು ಒಂದು ಅಡಿ ಏರಿರುತ್ತದೆ.
ಆ ಒಂದು ಅಡಿಯನ್ನು ನಾವು ಚರ್ಚೆಯಿಲ್ಲದೆ ಅಂಗೀಕರಿಸುತ್ತೇವೆ.
ಹುಡುಗ ಮತ್ತೆ ಬರಲಿಲ್ಲ.

ಈ ಸೋಮವಾರ ಸುಬೇದಾರ್ ಕುಶಾಲಪ್ಪ ಎದ್ದು ನಿಂತರು.
ಸಾಕು ಬಾಬು, ಮುಚ್ಚುವ. ಮರ್ಯಾದೆ ಇರುವಾಗಲೇ ಮುಚ್ಚುವ.
ಮುಚ್ಚಲಿಕ್ಕೂ ಕೋರಂ ಬೇಕು ಸಾಬ್, ಎಂದೆ.
ಒಬ್ಬರು ಕಮ್ಮಿ.

ಆಗ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು,
ನಡುವೆ ಎರಡು ಸಲ ನಿಂತು.
ಗರ್ವಾಲೆಯ ದೇಚವ್ವ, ಕೈಯಲ್ಲಿ ಮೆಣಸು ಮಾರಿ ಬರಿದಾದ ಚೀಲ.
ಅಯ್ಯಣ್ಣ ಹೋಗಿ ಏಳು ತಿಂಗಳು.
ಬ್ಯಾಂಕಿನ ಪುಸ್ತಕದಲ್ಲಿ ಅವಳ ಹೆಸರಿಗೆ ಒಂದು ಅಕ್ಷರ ಹೆಚ್ಚು ಬಿದ್ದು
ಪಿಂಚಣಿ ಎಲ್ಲೋ ದಾರಿಯಲ್ಲಿ ಕೂತಿದೆ.
ನಾನು ಅರ್ಜಿ ತುಂಬುತ್ತಿದ್ದೆ.
ಚೌರಪ್ಪ ಸುಮ್ಮನಿರಲಾರದೆ ಹೊಳೆಗೆ ಇಳಿದ,
ಎದೆಮಟ್ಟ, ಕತ್ತಿನಮಟ್ಟ.

ಮೊಣಕಾಲಿಗೆ ಇತ್ತಂತೆ, ಅಂದಳು ದೇಚವ್ವ.
ನಾವು ನಕ್ಕೆವು. ಅವಳು ನಗಲಿಲ್ಲ.
ಇವರೂ ಇದ್ದರಲ್ಲ ಆ ಹೊಳೆಯಲ್ಲಿ. ನನಗೆ ನೀರಿನ ಮಾತು ಹೇಳುತ್ತಿರಲಿಲ್ಲ.
ದಾಟಿದ ಮೇಲೆ ಕತ್ತಲಲ್ಲಿ ತಲೆ ಎಣಿಸಿದರಂತೆ. ಒಂದು ಕಮ್ಮಿ.
ಮತ್ತೆ ಎಣಿಸಿದರಂತೆ.
ಜ್ವರ ಬಂದಾಗೆಲ್ಲ ಎಣಿಸುತ್ತಿದ್ದರು,
ನಾನು ಪಕ್ಕದಲ್ಲಿ ಮಲಗಿ ಬಾಕಿ ಒಂದನ್ನು ಸೇರಿಸಿ ಹೇಳುತ್ತಿದ್ದೆ,
ಆಮೇಲೆ ನಿದ್ದೆ ಮಾಡುತ್ತಿದ್ದರು.

ಚೌರಪ್ಪ ಲೋಟ ಕೆಳಗಿಟ್ಟ.
ಐವತ್ತು ವರ್ಷ ಅವನು ಏರಿಸಿದ ನೀರು
ಒಂದೇ ಸಲ ಇಳಿದು
ಕೋಣೆಯಲ್ಲಿ ಕಲ್ಲುಗಳು ಕಂಡವು.

ಬೈಲಾ ತೆರೆದೆ. ಕಲಂ ಮೂರು:
ಸದಸ್ಯ ಎಂದರೆ ಸೇವೆ ಸಲ್ಲಿಸಿದವರು.
ಯಾವ ಸೇವೆ, ಎಲ್ಲಿ, ಬರೆದಿಲ್ಲ.
ಗುಮಾಸ್ತನಿಗೆ ಇಷ್ಟು ಸಾಕು.
ಚಂದಾ ಐವತ್ತು, ಎಂದೆ.
ನೂರರ ನೋಟು ಕೊಟ್ಟಳು. ನನ್ನಲ್ಲಿ ಚಿಲ್ಲರೆ ಇರಲಿಲ್ಲ.
ಮುಂದಿನ ಸಂತೆಗೆ ಬರುತ್ತೇನಲ್ಲ, ಅಂದಳು.

ಹಾಜರಿ ಹತ್ತು.
ಈಗ ಸುಬೇದಾರರ ಠರಾವು ಮಂಡಿಸಬಹುದು.
ಅವರು ಕಿಟಕಿಯಾಚೆ ಮೆಣಸಿನ ಧಾರಣೆಯ ಹಲಗೆಯನ್ನು
ಬಹಳ ಶ್ರದ್ಧೆಯಿಂದ ಓದುತ್ತಿದ್ದರು.

ಕೆಳಗಿಂದ ಮಂದಪ್ಪ ಕೂಗಿದ:
ಏನಾಯ್ತಾ ಬಾಬು, ಮುಚ್ಚಿದಿರಾ?
ನಾನು ಬರೆಯುತ್ತಿದ್ದೆ:
ನಾಲ್ಕು ಸಾವಿರದ ಮುನ್ನೂರ ಅರವತ್ತೆರಡು.
ಕೊಡಬೇಕಾದ ಬಾಕಿ, ದೇಚವ್ವನಿಗೆ, ಐವತ್ತು.