ಚಿತ್ರಕೃಪೆ

ಇರಿಯಾ ಬಂದಾಗ ನಾನು ಹತ್ತಿಯ ಕೈಗವಸು ಒಣಹಾಕುತ್ತಿದ್ದೆ
ಸೆತೂಬಲ್ ಪುರಸಭೆಯ ನೆಲಮಾಳಿಗೆಯಲ್ಲಿ.
ಹನ್ನೊಂದನೇ ಕ್ಲಾಸಿನ ಹುಡುಗಿ, ಚೀಲದ ತುಂಬ ಸಿಟ್ಟು.
ಮೇಷ್ಟರು ಪ್ರಬಂಧ ವಾಪಸು ಕೊಟ್ಟಿದ್ದಾರೆ,
ಒಂದೇ ಕಡೆ ಕೆಂಪು ಸುತ್ತು:
'ಚಿತ್ರಕೃಪೆ: ಅಂತರ್ಜಾಲ.'
ಪಕ್ಕದಲ್ಲಿ, 'ಇದು ಯಾರ ಹೆಸರು?'

ನಕ್ಕುಬಿಟ್ಟೆ. ಬಲೆಗೆ ಬಿದ್ದದ್ದಕ್ಕೆಲ್ಲ
ಬಲೆಯೇ ಹೆತ್ತಮ್ಮ ಅನ್ನುವುದು
ಈ ಊರಲ್ಲಿ ನಡೆಯುವುದಿಲ್ಲ, ಮಗು.
ದಕ್ಕೆಯ ಹರಾಜುಕಟ್ಟೆಯಲ್ಲಿ ಕೇಳು:
ಯಾವ ದೋಣಿ, ಯಾವ ಬೆಳಗು, ಹೇಳದೆ
ಒಂದು ಬುಟ್ಟಿ ಬೂತಾಯಿ ಮೇಲೇಳುವುದಿಲ್ಲ.

ಫೋನಿನಲ್ಲಿ ತೋರಿಸಿದಳು:
ಮೀನು ಡಬ್ಬಿಯ ಕಾರ್ಖಾನೆ, ಉದ್ದ ಮೇಜು, ಹದಿನಾರು ಹೆಂಗಸರು,
ಹೊಗೆಯೋ ಹಬೆಯೋ ತಿಳಿಯದ ಬಿಳುಪು,
ಎಲ್ಲರಿಗಿಂತ ಮುಂದೆ ಒಬ್ಬಳು, ಎಡಗೈಯಲ್ಲಿ ಕತ್ತರಿ.
'ಎಡಚಿ,' ಅಂದಳು ಇರಿಯಾ, 'ನನ್ನ ಹಾಗೆ.'
ಎರಡನೇ ಅಧ್ಯಾಯ ಪೂರ್ತಿ ಅವಳ ಮೇಲೆಯೇ:
ಬಲಗೈಗೆಂದು ಮಾಡಿದ ಕತ್ತರಿ ಎಡ ಹೆಬ್ಬೆರಳಿಗೆ ಕೊಟ್ಟ ಗಾಯ,
ಮೇಸ್ತ್ರಿ ಬೈದಿರಬಹುದಾದ ಬೈಗುಳ.
ಒಂಬತ್ತು ಪುಟ.

ಮೂರು ಮಂಗಳವಾರ ಹುಡುಕಿದೆವು.
ಅವಳ ಚಿತ್ರ ಒಂದು ಹೋಟೆಲಿನ ಮೆನುವಿನಿಂದ,
ಮೆನುವಿನದು ಹಳೆಯ ಕ್ಯಾಲೆಂಡರಿನಿಂದ,
ಕ್ಯಾಲೆಂಡರಿನದು ಯಾವುದೋ ಅಂಚೆಕಾರ್ಡಿನಿಂದ.
ಒಬ್ಬೊಬ್ಬರೂ ಅಂಚು ಒಂದಿಷ್ಟು ಕತ್ತರಿಸಿಕೊಂಡೇ
ಮುಂದಿನವರಿಗೆ ದಾಟಿಸಿದ್ದರು.
ಕಾರ್ಡಿನಲ್ಲಿ ಹೆಂಗಸರು ಹತ್ತೊಂಬತ್ತು.

ಕೊನೆಗೆ ಪೆಟ್ಟಿಗೆ ನಲವತ್ತೊಂದು, ಗಾಜಿನ ಫಲಕ.
ದೀಪದ ಮೇಜಿನ ಮೇಲಿಟ್ಟೆ. ಅವಳು ಬಗ್ಗಿದಳು.
ಹಿಂಬದಿಯಲ್ಲೊಂದು ಎಣ್ಣೆಯ ಪೀಪಾಯಿ,
ಅದರ ಮೇಲೆ ನಾವು ಗೀರೆಂದು ಬಿಟ್ಟಿದ್ದ ಗುರುತು.
ಗೀರಲ್ಲ, ಅಕ್ಷರ.
ವ್ಯಾಪಾರಿಯ ಹೆಸರು, ತಿರುವುಮುರುವು.
ಅದು ಓದಲು ಬರುವಂತೆ ಫಲಕ ಮಗುಚಿದೆ.
ಕತ್ತರಿ ಬಲಗೈಗೆ ಹೋಯಿತು.

ಯಾರೋ ಒಮ್ಮೆ ತಪ್ಪು ಮಗ್ಗುಲಿಂದ ಅಚ್ಚು ತೆಗೆದಿದ್ದರು,
ಅಷ್ಟೇ. ಅವಳು ಬಹಳ ಹೊತ್ತು ಮಾತಾಡಲಿಲ್ಲ.
'ಒಂಬತ್ತು ಪುಟ,' ಅಂದಳು ಆಮೇಲೆ.

ಫಲಕದ ಕಾಗದದ ಹೊದಿಕೆಯಲ್ಲಿ ಪೆನ್ಸಿಲ್ ಬರಹ:
'ಅದೆಲೀನು ಫ್ರಾಗೋಸು, ಮಾರ್ಚ್ 1931.
ಮಾಲೀಕರಿಂದ ದುಡ್ಡು ಬಂದಿಲ್ಲ.'
ಹತ್ತೊಂಬತ್ತು ಮಂದಿಯಲ್ಲಿ ಒಬ್ಬರ ಹೆಸರೂ ಇಲ್ಲ.

ಎಡಗೈಯಲ್ಲಿ, ಶಾಯಿ ಅಂಗೈಗೆ ಮೆತ್ತಿಕೊಳ್ಳುತ್ತ,
ಅಡಿಬರಹ ಬರೆದಳು. ತೆಗೆದವರು, ವರ್ಷ, ಪೆಟ್ಟಿಗೆ, ಫಲಕ, ಊರು.
ಕೆಳಗೆ ಮತ್ತೊಂದು ಸಾಲು:
'ಮುಂದಿರುವವರ ಹೆಸರು ಸಿಗಲಿಲ್ಲ.
ನಾನು ಇವರನ್ನು ಎಡಚಿ ಎಂದು ಬರೆದಿದ್ದೆ.'
ಇದನ್ನೆಲ್ಲ ಯಾವ ನಿಯಮವೂ ಕೇಳುವುದಿಲ್ಲ ಅಂದೆ.
ಹೊಡೆದು ಹಾಕಲಿಲ್ಲ.

ಹೊರಡುವಾಗ ಬಾಗಿಲಲ್ಲಿ ನಿಂತು,
'ಬೆಲ್ಮೀರು, ನಿಮ್ಮ ಹೆಸರಿಗೆ ಲಕಾರ ಒಂದೋ ಎರಡೋ?'
ಇಪ್ಪತ್ತೆಂಟು ವರ್ಷದಲ್ಲಿ
ಈ ಮೆಟ್ಟಿಲಿಳಿದು ಬಂದ ಯಾರೂ ಕೇಳಿರಲಿಲ್ಲ.
ಒಂದೇ, ಅಂದೆ.